ಹಳೆಯ ರಾಜಕಾರಣಿಯ ಪತ್ರಗಳ ಗಂಟು ಬಿಚ್ಚುವಾಗ

ಬೆಳಗಾವಿ, ವಿಜಯಪುರ ಕಡೆಯ ವಾಡೆಗಳಲ್ಲಿ, ವಕೀಲರ ಮನೆಯ ಅಟ್ಟಗಳಲ್ಲಿ ಮುಂಬಯಿ ಕೌನ್ಸಿಲಿಗೆ, ಅಂದರೆ ಆಗ ಈ ಭಾಗ ಸೇರಿದ್ದ ಮುಂಬಯಿ ಪ್ರಾಂತದ ಶಾಸನಸಭೆಗೆ, ಚುನಾವಣೆಗೆ ನಿಂತಿದ್ದವರ ಖಾಸಗಿ ಪತ್ರಗಳು ಇನ್ನೂ ಸಿಗುತ್ತವೆ. ಗಂಟು ಕೈಗೆ ಬಂದೊಡನೆ ಚುನಾವಣೆಯದು ಒಂದು ಫೈಲು, ಸಮಾಜ ಸುಧಾರಣೆಯದು ಇನ್ನೊಂದು ಅಂತ ವಿಂಗಡಿಸುತ್ತಾರಲ್ಲ, ಅದೊಂದನ್ನು ಮಾಡಬೇಡಿ. ಎರಡೂ ಒಂದೇ ಹಾಳೆಯಲ್ಲಿರುತ್ತವೆ. ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಮುತ್ತು ಕಟ್ಟುವುದು, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದು, ನಿಲ್ಲಬೇಕೆಂದು ಪತ್ರದ ಒಡಲಲ್ಲಿ ಇದ್ದರೆ, ಮತದಾನ ಮುಗಿಯುವ ತನಕ ಆ ಮಾತು ಎತ್ತುವುದು ಬೇಡವೆಂಬ ಸಲಹೆ ಅಂಚಿನಲ್ಲಿ ಅಡ್ಡಡ್ಡ ಬರೆದಿರಬಹುದು. ಆ ಮನುಷ್ಯ ಏನು ಲೆಕ್ಕ ಹಾಕುತ್ತಿದ್ದ ಅನ್ನುವುದು ಅಂಚಿನಲ್ಲೇ ತಿಳಿಯುತ್ತದೆ.

ಆದ್ದರಿಂದ ಸಿಕ್ಕ ಕ್ರಮದಲ್ಲೇ ಮೆತ್ತನೆಯ ಪೆನ್ಸಿಲ್‌ನಿಂದ ಹಿಂಬದಿಯ ಮೂಲೆಗೆ ಸಂಖ್ಯೆ ಹಾಕಿ. ಲಕೋಟೆಗೂ ಪತ್ರದ್ದೇ ಸಂಖ್ಯೆ. ಎರಡೂ ಬದಿಯ ಫೋಟೋ ತೆಗೆಯಿರಿ, ಖಾಲಿ ಇದ್ದರೂ ಸರಿ.

ತಲೆ ತಿನ್ನುವುದು ತಾರೀಖು. ಇಸವಿ ತಿಳಿಯಲು ಶಕ ವರ್ಷಕ್ಕೆ 78 ಕೂಡಿಸಿ ಬಿಡುತ್ತಾರೆ. ಜನವರಿಯಿಂದ ಯುಗಾದಿಯವರೆಗಿನ ಪತ್ರಕ್ಕೆ 79 ಕೂಡಿಸಬೇಕು. ಶಕ 1848, ಕ್ಷಯ ಸಂವತ್ಸರ, ಮಾಘ ಅಂತಿದ್ದರೆ ಅದು 1927ರ ಪತ್ರ. 1926 ಅಂತ ಬರೆದುಕೊಂಡಿರೋ, ಕೆಟ್ಟಿತು: ಕೌನ್ಸಿಲ್ ಚುನಾವಣೆ ನಡೆದದ್ದು 1926ರ ಕೊನೆಗೆ. ಆರಿಸಿಬಂದ ಮೇಲೆ ಕೊಟ್ಟ ಮಾತು ಮತ ಕೇಳುವಾಗ ಕೊಟ್ಟ ಆಶ್ವಾಸನೆಯಾಗಿಬಿಡುತ್ತದೆ. ಸಂವತ್ಸರದ ಹೆಸರನ್ನೇ ನಂಬಿದರೂ ಅದು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ.

ತಾರೀಖೇ ಇಲ್ಲದಿದ್ದರೆ ಅಂಚೆಯ ಗುರುತು ನೋಡಿ. ಕಾರ್ಡಿನ ದರ 1922ರಲ್ಲಿ ಕಾಲಾಣೆಯಿಂದ ಅರ್ಧಾಣೆಗೆ ಏರಿತು. ಆದರೆ ಹಳೇ ಕಾರ್ಡಿಗೆ ಮೇಲೊಂದು ಸ್ಟಾಂಪು ಅಂಟಿಸಿಯೂ ಕಳಿಸುತ್ತಿದ್ದರು, ಹಾಗಾಗಿ ಅಚ್ಚಿನ ಬೆಲೆಯೊಂದನ್ನೇ ನೋಡಿ ತೀರ್ಮಾನಿಸಬಾರದು. ಇನ್‌ಲ್ಯಾಂಡ್ ಪತ್ರವಾದರೆ 1950ರ ಅಕ್ಟೋಬರ್‌ಗಿಂತ ಹಿಂದಿನದಲ್ಲ. ನಯಾ ಪೈಸೆ ಇದ್ದರೆ 1957ರ ಏಪ್ರಿಲ್‌ಗಿಂತ ಹಿಂದಿನದಲ್ಲ. ಕಾಯ್ದೆಗಳೂ ನೆರವಿಗೆ ಬರುತ್ತವೆ. ಮುಂಬಯಿಯ ದೇವದಾಸಿ ಕಾಯ್ದೆ 1934ರದು, ಕರ್ನಾಟಕದ್ದು 1982ರದು. ಬರೀ "ಕಾಯ್ದೆ ಆಗಬೇಕು" ಅಂತಿದ್ದರೆ ಯಾವುದೆಂದು ಮೊದಲು ಗೊತ್ತುಮಾಡಿಕೊಳ್ಳಿ.

ಮರಾಠಿ ಪತ್ರ ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ, ಇದ್ದರೆ ಓದಬಲ್ಲ ಹಿರಿಯರನ್ನೇ ಹುಡುಕಬೇಕು. ಊಹಿಸಿ ಓದಿದರೆ ಅಡ್ಡಹೆಸರುಗಳು ಅದಲುಬದಲಾಗುತ್ತವೆ.

ಕಾಗದದ ವಿಷಯ ಹೆಚ್ಚಿಲ್ಲ. ತುಕ್ಕು ಹಿಡಿದ ಗುಂಡುಪಿನ್ನನ್ನು ಎಳೆಯಬೇಡಿ, ಹಾಳೆಯನ್ನು ಸ್ವಲ್ಪ ಸ್ವಲ್ಪವೇ ಸರಿಸಿ ಬಿಡಿಸಿ. ಸೆಲೋಟೇಪಿನ ಅಂಟು ಹಳದಿಯಾಗಿ ಮಸಿಯನ್ನೂ ನುಂಗುತ್ತದೆ. ಲ್ಯಾಮಿನೇಷನ್ ಅಂತೂ ಕಾಗದಕ್ಕೆ ಕೊಟ್ಟ ಶಿಕ್ಷೆ, ಆಮೇಲೆ ಬಿಡಿಸಲಾಗದು. ಬೆಳಗಾವಿಯ ಮಳೆಗಾಲದಲ್ಲಿ ಗಂಟು ಬಿಚ್ಚಿಟ್ಟರೆ ಬೂಸಲು. ವಿಜಯಪುರದ ಬೇಸಿಗೆಯಲ್ಲಿ ಒಣಗಿದ ಮಡಿಕೆಯನ್ನು ಒಮ್ಮೆಲೇ ತೆರೆದರೆ ಅಲ್ಲೇ ಮುರಿಯುತ್ತದೆ.

ಅಚ್ಚು ಹಾಕಿಸುವ ಮುಂಚೆ ಎರಡು ಕೆಲಸ ಉಂಟು. ಪತ್ರ ನಿಮ್ಮ ಮನೆಯಲ್ಲಿದ್ದರೂ ಅದರ ಹಕ್ಕುಸ್ವಾಮ್ಯ ಬರೆದವರದು, ಅವರ ನಂತರ ವಾರಸುದಾರರದು. ಅವರ ಒಪ್ಪಿಗೆ ಕೇಳಿ. ಇನ್ನು, ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಹೆಸರು, ಊರು, ಓಣಿ ಪತ್ರದಲ್ಲಿದ್ದರೆ ಅಚ್ಚಿನಲ್ಲಿ ಕೈಬಿಡಿ. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿರುತ್ತಾರೆ.