ಅಕ್ಕಿ ಆರಿಸಿದ ಹಾಗೆ ಲಿಂಕ್ ಆರಿಸೋದು

ನಿನ್ನೆ ರಾತ್ರಿ 11ರ ತನಕ ನಾವು ನಾಲ್ಕು ಜನ ಸೈನ್ಸ್ ಮೇಷ್ಟ್ರು ಕಾನ್ಫರೆನ್ಸ್ ಕಾಲಲ್ಲಿ ಕೂತು ಹತ್ತನೇ ಕ್ಲಾಸಿನ ವಿದ್ಯುಚ್ಛಕ್ತಿ ಪಾಠಕ್ಕೆ ಏನೇನು ತೋರಿಸಬಹುದು ಅಂತ ಆರಿಸ್ತಾ ಇದ್ವಿ. ಆರಿಸೋದು ಅಂದ್ರೆ ಅಕ್ಕೀಲಿ ಕಲ್ಲು ಆರಿಸಿದ ಹಾಗೇನೆ, ಗ್ರೂಪಲ್ಲಿ 40 ಲಿಂಕ್ ಬಿದ್ದಿತ್ತು ಕೊನೆಗೆ ಉಳಿದಿದ್ದು 6. ಪುಸ್ತಕದ ಕ್ಯೂಆರ್ ಕೋಡಿಂದ ದೀಕ್ಷಾ ಅನ್ನೋ ಸರ್ಕಾರಿ ಆ್ಯಪಲ್ಲಿ ಸಿಗೋದು ಒಂದಿಷ್ಟು, ಕೋಯರ್ ಅನ್ನೋ ಪಾಠ ಸಾಮಗ್ರಿಯ ವಿಕೀಲಿ ನಮ್ಮ ರಾಜ್ಯದ ಮೇಷ್ಟ್ರುಗಳೇ ಹಾಕಿರೋದು ಒಂದಿಷ್ಟು. ಆದ್ರೆ ನಂಗೆ ಇಷ್ಟ ಆಗಿದ್ದು ಫೆಟ್ ಸಿಮ್ಯುಲೇಶನ್, ಅಂದ್ರೆ ಸ್ಕ್ರೀನ್ ಮೇಲೇ ಮಾಡಿ ನೋಡೋ ಪ್ರಯೋಗ. ಕಾರ್ಲ್ ವೀಮನ್ ಅವ್ರಿಗೆ ಫಿಸಿಕ್ಸ್ ನೊಬೆಲ್ ಬಂದ ಮರುವರ್ಷ, 2002ರಲ್ಲಿ, ಕೊಲೊರಾಡೊ ಯೂನಿವರ್ಸಿಟೀಲಿ ಶುರು ಮಾಡಿದ್ದಂತೆ ಇದು. ಬ್ಯಾಟರಿ ವೈರು ಬಲ್ಬು ಎಳೆದು ಜೋಡಿಸಿದ್ರೆ ಎಲೆಕ್ಟ್ರಾನ್ ಓಡೋದು ಕಾಣುತ್ತೆ, ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದೇನೂ ನಡಿಯುತ್ತೆ, ನಮ್ಮಂಥ ಊರಿಗೆ ಅದಕ್ಕಿಂತ ಇನ್ನೇನು ಬೇಕು!

ಒಬ್ಬನೇ ಹುಡುಕಿದ್ರೆ ಮೊದಲು ಕಂಡ ವಿಡಿಯೋನೇ ಹಾಕಿ ಕೈ ತೊಳ್ಕೊಳ್ತಿದ್ದೆ, ಸುಳ್ಳು ಯಾಕೆ. ಪಕ್ಕದ ಊರಿನ ಮೇಡಂ 'ಸರ್ ಈ ವಿಡಿಯೋಲಿ ಕರೆಂಟ್ ದಿಕ್ಕೇ ಉಲ್ಟಾ ತೋರಿಸಿದಾರೆ ನೋಡಿ' ಅಂದಾಗ್ಲೇ ಗೊತ್ತಾಗಿದ್ದು, ಹೋದ ವರ್ಷ ಪೂರ್ತಿ ಅದನ್ನೇ ತೋರಿಸಿದ್ದೆ ನಾನು 🙈 ಆ ಬ್ಯಾಚು ಈಗ ಪಿಯುಸಿ. ಯಾರಾದ್ರೂ ಸಿಕ್ರೆ ಹೇಳ್ಬೇಕು.