ಬಾಂದ್ರಾ ಸ್ಕೆಚ್‌ಬುಕ್: ಐದನೇ ಭಾನುವಾರ

ಭಾನುವಾರ ಭಾನುವಾರ ಮುಂಬೈಯ ಬಾಂದ್ರಾಕ್ಕೆ ಹೋಗಿ ಚಿತ್ರ ಬರೆದು ತುಂಬಿಸುತ್ತಿರುವ ಹನ್ನೆರಡು ಪುಟಗಳಲ್ಲಿ ಏಳು ಮುಗಿದವು. ಅದರಲ್ಲಿ ಎರಡನ್ನು ಯಾರಿಗೂ ತೋರಿಸುವ ಹಾಗಿಲ್ಲ.

ಈ ವಾರ ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹಿಡಿದು, ದಾದರ್‌ನಲ್ಲಿ ಬದಲಾಯಿಸಿ, ಏಳೂವರೆಗೆಲ್ಲ ಕೋಟೆ ಹತ್ತಿರ ಕೂತಿದ್ದೆ. ಕಾಸ್ತೆಲ್ಲಾ ದೆ ಅಗ್ವಾದಾ, ಪೋರ್ಚುಗೀಸರು 1640ರಲ್ಲಿ ಕಟ್ಟಿದ್ದು. ಮಾಹಿಮ್ ಕೊಲ್ಲಿಗೆ ಬರುವ ಹಡಗುಗಳ ಮೇಲೆ ಕಣ್ಣಿಡುವುದಕ್ಕೆ. ಹೆಸರು ಕೇಳಿ ಚಿತ್ರದುರ್ಗ ನೆನೆಸಿಕೊಂಡು ಹೋಗಬೇಡಿ, ಉಳಿದಿರುವುದು ಒಂದಿಷ್ಟು ಗೋಡೆ, ಒಂದು ಬಾಗಿಲು, ಅಷ್ಟೇ. ಎದುರಿಗೇ ಸೀ ಲಿಂಕ್, ಸಮುದ್ರದ ಮೇಲೆ ವರ್ಲಿಗೆ ಹೋಗುವ ಸೇತುವೆ. 5.6 ಕಿ.ಮೀ. ಸೇತುವೆಯನ್ನು ಅಂಗೈಯಗಲದ ಪುಟದಲ್ಲಿ ತುರುಕಲು ಹೋದೆ, ಕೇಬಲ್‌ಗಳೆಲ್ಲ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಬಂದವು. ಉಪ್ಪುಗಾಳಿಗೆ ಬಣ್ಣವೂ ಒಣಗಲಿಲ್ಲ. ತೋರಿಸಬಾರದ ಎರಡರಲ್ಲಿ ಇದೊಂದು.

ಮೌಂಟ್ ಮೇರಿ ಚರ್ಚ್ ಇರುವ ಗುಡ್ಡ ಸುಮ್ನೆ ಹತ್ತಿಳಿದೆ. ಹರಕೆಗೆ ಮಾರುವ ಮೇಣದ ಕೈ, ಕಾಲು, ಪುಟ್ಟ ಮನೆಗಳನ್ನು ಬರೆಯುವ ಆಸೆಯಿದೆ. ಸೆಪ್ಟೆಂಬರ್ ಜಾತ್ರೆಯ ವಾರದಲ್ಲಿ ಮಾತ್ರ ಖಂಡಿತ ಅಲ್ಲ, ಆಗ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ.

ನಿಜವಾದ ಕೆಲಸ ಆದದ್ದು ರಣ್ವಾರ್‌ನಲ್ಲಿ. ಹಳೇ ಬಾಂದ್ರಾದ ಹಳ್ಳಿಗಳಲ್ಲಿ ಇದೂ ಒಂದು. ಕಿರಿದಾದ ಓಣಿ, ಮರದ ಜಗಲಿ, ಮನೆಯ ಹೊರಗಡೆಯಿಂದ ಮಹಡಿಗೆ ಹೋಗುವ ಮೆಟ್ಟಿಲು. ಬಾಂದ್ರಾದ ಮೂಲೆಮೂಲೆಗೂ ಶಿಲುಬೆಗಳಿವೆ, 1896ರಲ್ಲಿ ಪ್ಲೇಗ್ ಬಂದಾಗ ರೋಗ ದೂರವಾಗಲಿ ಅಂತ ಜನ ನಿಲ್ಲಿಸಿದವು ಎಷ್ಟೋ. ಒಂದನ್ನು ಬರೆದೆ, ಯಾರೋ ಬೆಳಿಗ್ಗೆ ಹಾಕಿದ್ದ ಚೆಂಡುಹೂವಿನ ಹಾರದ ಸಮೇತ.

ಆದರೆ ನನ್ನ ಕಣ್ಣೆಲ್ಲ ಸೂರಿನ ಮೇಲೆ. ಮಂಗಳೂರು ಹೆಂಚು! ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಹಡಗು ಹತ್ತಿ ಮುಂಬೈಗೆ ಬಂದ ಹೆಂಚು, ನಮ್ಮ ಮುಲ್ಕಿಯ ಅಜ್ಜಿಮನೆಯ ಮಾಡಿನ ಮೇಲೂ ಇದೇ ಇತ್ತು. ಹೋದ ವಾರ ಒಂದೊಂದೇ ಹೆಂಚು ಬರೆದು ಸೂರು ಹಾಳಾಗಿತ್ತು, ಮೀನಿನ ಹುರುಪೆಯ ಹಾಗೆ ಕಾಣುತ್ತಿತ್ತು. ಈ ಸಲ ಅಂಚಿನ ಒಂದು ಸಾಲನ್ನು ಮಾತ್ರ ಸರಿಯಾಗಿ ಬರೆದು, ಮಿಕ್ಕಿದ್ದಕ್ಕೆ ಬರೀ ಓರೆ ಗೆರೆ, ಮೇಲೊಂದು ಕಾವಿ ಬಣ್ಣದ ತೆಳು ಪದರ. ಅದು ಹಸಿ ಇರುವಾಗಲೇ ಮಳೆಗಾಲದ ಪಾಚಿಗೆ ಅಂತ ಒಂಚೂರು ನೀಲಿ ಬಿಟ್ಟೆ. ಕಪ್ಪು ಬಣ್ಣ ಮುಟ್ಟಲೇ ಇಲ್ಲ. ಇದುವರೆಗಿನ ಏಳರಲ್ಲಿ ಇದೇ ಚೆನ್ನಾಗಿದೆ ಅಂತ ನನಗನ್ನಿಸಿದೆ.

ಬರೆಯುತ್ತಿದ್ದಾಗ ಆ ಮನೆಯ ಹಿರಿಯರೊಬ್ಬರು ಹೊರಗೆ ಬಂದು ನೋಡಿ, ಕಿಟಕಿ ಮೂರಿವೆ, ನೀನು ಎರಡೇ ಬರೆದಿದ್ದೀಯ ಅಂದರು. ನಿಜ! ನಮ್ಮದು ಮಂಗಳೂರು ಕಡೆ ಅಂದದ್ದೇ ತಡ, ಹಿತ್ತಲಿಗೆ ಹೋಗಿ ಮೂಲೆ ಒಡೆದ ಹೆಂಚೊಂದನ್ನು ತಂದು ಕೈಗಿಟ್ಟರು. ನಿಮ್ಮೂರಿನದು, ನೀವೇ ತಗೊಂಡು ಹೋಗಿ ಅಂತ. ಬೇಡ ಅನ್ನಲಾಗುತ್ತದೆಯೇ? ಎರಡು ಕೆಜಿಗೆ ಕಮ್ಮಿಯಿಲ್ಲದ ಅದನ್ನು ದಾದರ್ ಮೆಟ್ಟಿಲು ಹತ್ತಿಸಿ ಮನೆಗೆ ತಂದಿದ್ದೇನೆ. ಈಗ ಕಿಟಕಿಯಲ್ಲಿದೆ. ಎಂಟನೇ ಪುಟಕ್ಕೆ ಅದೇ.