ಪಾರ್ಟ್ನರ್ ತಪ್ಪು ಹೇಳಿದರೂ ಸುಮ್ಮನಿರಬೇಕು

ಗೋಣಿಕೊಪ್ಪದ ಹತ್ತಿರದ ಒಂದು ಕ್ಲಬ್ಬಿನ ಆಫೀಸಿನಲ್ಲಿ ನನಗೆ ಕೆಲಸ. ಬಿಲ್ಲು, ಸದಸ್ಯರ ಲೆಕ್ಕ, ಬಾರಿನ ಸ್ಟಾಕು. ಜೊತೆಗೆ ವಾರಕ್ಕೊಂದು ಸಂಜೆ ಬ್ರಿಡ್ಜ್, ಅಂದರೆ ಇಬ್ಬಿಬ್ಬರು ಜೋಡಿಯಾಗಿ ಆಡುವ ಇಸ್ಪೀಟಾಟ, ನಡೆಸುವುದೂ ನನ್ನ ತಲೆಗೇ ಬಂದಿದೆ. ಮೊದಲು ನಡೆಸುತ್ತಿದ್ದವರು ಮಗಳ ಮನೆಗೆಂದು ಬೆಂಗಳೂರಿಗೆ ಹೋದರು. ನನಗೆ ಅಷ್ಟಿಷ್ಟು ಆಟ ಗೊತ್ತಿತ್ತು, "ನೀನೇ ನೋಡ್ಕೋಪ್ಪ" ಅಂದರು. ಹಾಗೆ ಡೈರೆಕ್ಟರ್ ಆದೆ. ಹೆಸರು ದೊಡ್ಡದು ಅಷ್ಟೇ, ಟೇಬಲ್ಲಿನಲ್ಲಿ ತಕರಾರು ಬಂದಾಗ ಕರೆಯುವ ಅಂಪೈರ್. ಡಿಸೆಂಬರಿನಲ್ಲಿ ಕಾಫಿ ಕೊಯ್ಲು ಶುರುವಾದರೆ ಎರಡು ಟೇಬಲ್ ತುಂಬುವುದೂ ಕಷ್ಟ. ಜುಲೈ ಮಳೆಯಲ್ಲಿ ಮಾತ್ರ ಆರು ಟೇಬಲ್ ಆಗುತ್ತದೆ.

ಅಂಥದ್ದೇ ಒಂದು ಮಳೆಯ ಸಂಜೆ. ಕರೆಂಟ್ ಹೋಗಿ ಜನರೇಟರ್ ಗುರ್ ಅನ್ನುತ್ತಿತ್ತು. ಎಲೆ ಇಳಿಸುವ ಮುಂಚೆ ಯಾವ ತುರುಪಿನಲ್ಲಿ ಎಷ್ಟು ಪಟ್ಟು ಗೆಲ್ಲುತ್ತೇವೆ ಅಂತ ಹರಾಜಿನ ಹಾಗೆ ಕೂಗಬೇಕು. ಒಬ್ಬರು ಒನ್ ಸ್ಪೇಡ್ ಅಂತ ಶುರು ಮಾಡಿದರು. ಅವರ ಎಡಕ್ಕೆ ಕೂತಿದ್ದ ನಿವೃತ್ತ ಕರ್ನಲ್ ಸಾಹೇಬರು ಕೂಗು ಬರೆದ ಕಾರ್ಡುಗಳ ಬಾಕ್ಸಿನಿಂದ ಟು ಸ್ಪೇಡ್ಸ್ ಕಾರ್ಡ್ ತೆಗೆದಿಟ್ಟರು. ಎದುರಾಳಿ ಕೂಗಿದ ಬಣ್ಣವನ್ನೇ ಕೂಗುವುದು ಅಂದರೆ ಅದಕ್ಕೆ ಬೇರೆ ಅರ್ಥ ಇರುತ್ತದೆ. ಇದು ಮೈಕೇಲ್ಸ್ ಅನ್ನುವ ಕೂಗು: ಕೈಯಲ್ಲಿ ಹಾರ್ಟ್ಸ್ ಇದೆ, ಜೊತೆಗೆ ಕ್ಲಬ್ಸ್ ಅಥವಾ ಡೈಮಂಡ್ಸ್ ಇದೆ ಅಂತ.

ಇಂಥ ಕೂಗಿನ ಅರ್ಥವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಒಪ್ಪಂದ ಎದುರಾಳಿಗೂ ಗೊತ್ತಿರಬೇಕು. ಆದರೆ ಹೇಳುವುದು ಕೂಗಿದವರಲ್ಲ, ಅವರ ಪಾರ್ಟ್ನರ್. ಕೂಗಿದವರೇ ವಿವರಿಸಿದರೆ ಪಾರ್ಟ್ನರಿಗೆ ತನ್ನ ಕೈ ತೋರಿಸಿದ ಹಾಗೇ ಅಲ್ವಾ?

ಕರ್ನಲ್ ಪಾರ್ಟ್ನರ್ ಅಲರ್ಟ್ ಕೊಟ್ಟರು, ಅಂದರೆ ಈ ಕೂಗಿಗೆ ಬೇರೆ ಅರ್ಥ ಇದೆ ಅಂತ ಎಚ್ಚರಿಸಿದರು. ಎದುರಾಳಿಗಳು ಅರ್ಥ ಕೇಳಿದರು. "ಕ್ಲಬ್ಸ್, ಡೈಮಂಡ್ಸ್ ಎರಡೂ" ಅಂದುಬಿಟ್ಟರು ಪಾರ್ಟ್ನರ್. ತಪ್ಪು. ಕರ್ನಲ್ ಮುಖ ಕೆಂಪಾಯಿತಂತೆ, ಆದರೆ ಆಗ ಮಾತಾಡಲಿಲ್ಲ.

ಎದುರಾಳಿಗಳು ಫೋರ್ ಸ್ಪೇಡ್ಸ್ ಆಡಿದರು, ಅಂದರೆ ಸ್ಪೇಡ್ ತುರುಪಿನಲ್ಲಿ ಹದಿಮೂರಕ್ಕೆ ಹತ್ತು ಪಟ್ಟು ಗೆಲ್ಲಬೇಕು. ಕರ್ನಲ್ ಡೈಮಂಡ್ ರಾಜ ಇಳಿಸಿ ಒಂದು ಪಟ್ಟು ತೆಗೆದರು. ಸ್ವಲ್ಪ ಹೊತ್ತಿಗೆ ತುರುಪಿನ ಎಕ್ಕದಲ್ಲಿ ಪಾರ್ಟ್ನರ್ ಗೆದ್ದು, ಮುಂದೆ ಏನಾಡಲಿ ಅಂತ ಯೋಚಿಸುತ್ತಾ ಕೂತರು. ಅಲ್ಲಿಗೆ ಕರ್ನಲ್ ತಾಳ್ಮೆ ಮುಗಿಯಿತು. "ಇವರು ತಪ್ಪು ಹೇಳಿದ್ದಾರೆ. ನನ್ನ ಹತ್ರ ಹಾರ್ಟ್ಸ್ ಇದೆ" ಅಂದರು. ಪಾರ್ಟ್ನರ್ ಹಾರ್ಟ್ ಆಡಿದರು. ಆಡುವವರ ಕೈಯಲ್ಲಿ ರಾಜ, ಅದರ ಹಿಂದೆ ಕರ್ನಲ್ ಕೈಯಲ್ಲಿ ಎಕ್ಕ, ರಾಣಿ. ಎರಡು ಪಟ್ಟು ಬಂತು, ಆಟ ಒಂದರಿಂದ ಬಿತ್ತು. ಕ್ಲಬ್ ಆಡಿದ್ದರೆ ಬೀಳುತ್ತಿರಲಿಲ್ಲ. 420 ಅಂಕ ಸಿಗಬೇಕಿದ್ದವರಿಗೆ 50 ಮೈನಸ್.

ನನ್ನನ್ನು ಕರೆದರು. ನಾನು ಏನು ಮಾಡಿದೆ ಗೊತ್ತಾ? ಕರ್ನಲ್ ಸಾಹೇಬರು ಪ್ರಾಮಾಣಿಕವಾಗಿ ತಪ್ಪು ಒಪ್ಪಿಕೊಂಡಿದ್ದಾರೆ, ಇದರಲ್ಲೇನಿದೆ ಅಂತ ಸ್ಕೋರ್ ಹಾಗೇ ಬಿಟ್ಟೆ. ಕೈ ಬೇರೆ ಕುಲುಕಿದೆ.

ಮರುದಿನ ಬೆಳಿಗ್ಗೆ ಹಿರಿಯ ಸದಸ್ಯರೊಬ್ಬರು 2017ರ ನಿಯಮ ಪುಸ್ತಕ ತಂದು ನನ್ನ ಮೇಜಿನ ಮೇಲಿಟ್ಟರು. 20ನೇ ನಿಯಮದ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿತ್ತು. ಬೈಯಲಿಲ್ಲ, ಅದೇ ಜಾಸ್ತಿ ನಾಚಿಕೆ ಆಯಿತು. ಸ್ಕೋರ್ ತಿದ್ದಲು ನಿಯಮ ಕೊಡುವ ಅರ್ಧ ಗಂಟೆ ಹಿಂದಿನ ರಾತ್ರಿಯೇ ಮುಗಿದಿತ್ತು.

ವಿಷಯ ಇಷ್ಟು. ಪಾರ್ಟ್ನರ್ ತಪ್ಪು ವಿವರಣೆ ಕೊಟ್ಟರೆ ಆ ಕ್ಷಣದಲ್ಲಿ ಕೆಮ್ಮುವ ಹಾಗೂ ಇಲ್ಲ, ಹುಬ್ಬು ಹಾರಿಸುವ ಹಾಗೂ ಇಲ್ಲ. ಕಾಂಟ್ರಾಕ್ಟ್, ಅಂದರೆ ಕೊನೆಗೆ ನಿಂತ ಕೂಗು, ನಿಮ್ಮ ಕಡೆಗೆ ಬಂದರೆ, ಕೂಗು ಮುಗಿಸುವ ಕೊನೆಯ ಪಾಸ್ ಆದ ಮೇಲೆ, ಮೊದಲ ಎಲೆ ತೆರೆಯುವ ಮುಂಚೆ ಡೈರೆಕ್ಟರನ್ನು ಕರೆದು ಸರಿಪಡಿಸಬೇಕು. ಆಗ ಎದುರಾಳಿ ಕೊನೆಯ ಪಾಸನ್ನು ಬದಲಿಸುವ ಅವಕಾಶವೂ ಇರಬಹುದು. ಕರ್ನಲ್ ಹಾಗೆ ನೀವು ತಡೆಯುವ ಕಡೆಯಲ್ಲಿದ್ದರೆ ಆಟ ಪೂರ್ತಿ ಮುಗಿಯುವವರೆಗೂ ಮೌನ. ನಡುವೆ ಬಾಯಿ ಬಿಟ್ಟರೆ ಎದುರಾಳಿಗಿಂತ ಹೆಚ್ಚು ಸಹಾಯ ಆಗುವುದು ಪಾರ್ಟ್ನರಿಗೆ. ನಾನು ಆ ದಿನ 420 ಕೊಡಬೇಕಿತ್ತು. ತಪ್ಪು ಹೇಳಿದ್ದು ನಾನೇ ಅಂತ ಹೊಳೆದರೆ ಮಾತ್ರ ಲೆಕ್ಕ ಬೇರೆ. ಮೊದಲ ಎಲೆ ತೆರೆಯುವುದರೊಳಗೆ ಡೈರೆಕ್ಟರನ್ನು ಕರೆದು ಹೇಳಲೇಬೇಕು.

ತಪ್ಪು ಕಂಡ ಕೂಡಲೇ ಹೇಳು ಅಂತ ಮನೆಯಲ್ಲೂ ಸೈನ್ಯದಲ್ಲೂ ಕಲಿಸಿದ ಜನರಿಗೆ ಇದು ತುಂಬಾ ಕಷ್ಟ. ನನಗೂ ಕಷ್ಟವಾಗಿತ್ತು.

ಈಗ ಪ್ರತಿ ಜೋಡಿಯಿಂದಲೂ ಒಪ್ಪಂದಗಳನ್ನು ಒಂದು ಕಾರ್ಡಿನಲ್ಲಿ ಬರೆಸಿಕೊಳ್ಳುತ್ತೇನೆ. ವಿವರಣೆ ಸರಿ ಇದ್ದು ಕೂಗಿದವರೇ ಮರೆತಿದ್ದರೆ ಎದುರಾಳಿಗೆ ಪರಿಹಾರ ಇಲ್ಲ. ಆದರೆ ಬರೆದದ್ದು ಇಲ್ಲದಿದ್ದರೆ ವಿವರಣೆಯೇ ತಪ್ಪು ಅಂತ ಹಿಡಿಯಬೇಕಾಗುತ್ತದೆ. ಒಂದು ಗಂಡ ಹೆಂಡತಿ ಜೋಡಿ ಇನ್ನೂ ಬರೆದುಕೊಟ್ಟಿಲ್ಲ. "ನಮ್ದೇನು ಒಪ್ಪಂದ ಇಲ್ಲ, ಅವಳು ಹಾಗೆ ಕೂಗಿದ್ರೆ ನಂಗೆ ಗೊತ್ತಾಗುತ್ತೆ" ಅನ್ನುತ್ತಾರೆ. ಸಾರ್, ಆ ಗೊತ್ತಾಗುವುದನ್ನೇ ಎದುರಿನವರಿಗೂ ಹೇಳಬೇಕು ಅಂತ ಮೂರು ಸಲ ಹೇಳಿದ್ದೇನೆ.

ಕರ್ನಲ್ ಪಾರ್ಟ್ನರ್ ಹೋದ ವಾರ ಮತ್ತೆ ಏನೋ ಮರೆತರು. ಕರ್ನಲ್ ತಣ್ಣಗಾದ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹದಿಮೂರು ಪಟ್ಟೂ ಮುಗಿಯುವವರೆಗೆ ತುಟಿ ಪಿಟಕ್ ಅನ್ನಲಿಲ್ಲ. ಕೊನೆಯ ಎಲೆ ಬಿದ್ದದ್ದೇ ತಡ, "ಡೈರೆಕ್ಟರ್!" ಅಂತ ಎಂಥಾ ಕೂಗು ಹಾಕಿದರು ಅಂದರೆ, ಬಾರಿನ ಹುಡುಗನೂ ಓಡಿ ಬಂದ.